ಬೆಟ್ಟದ ಹಿಂದಿನ ಬಾಟಲಿ

ನಾನು ಒಂದು ಕಡೆ ಕೂರುವವಳಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ನೀರು ತರಲು ಹೋಗುವವಳು, ಓದಲು ಕೂತರೆ ಕಿಟಕಿ ಹಾಕಲು ಏಳುವವಳು. ಅವ್ವ ಬಂದವರೆದುರೆಲ್ಲ "ಇವಳ ಕಾಲಿಗೆ ಯಾರೋ ಚಕ್ರ ಕಟ್ಟವ್ರೆ" ಎಂದು ದೂರುತ್ತಿದ್ದಳು. ಅಣ್ಣ ಬೆಟ್ಟದ ಬುಡದ ಹೊಲದಲ್ಲಿ ಕೋಳಿ ಶೆಡ್ಡು ಹಾಕಿದ ಮೇಲೆ ನನ್ನ ಚಡಪಡಿಕೆಗೆ ಮೊದಲ ಸಲ ನ್ಯಾಯವಾದ ಕಾರಣ ಸಿಕ್ಕಿತು. ಅದರ ಘಾಟಿನ ಗಾಳಿಯಲ್ಲಿ ನೆಮ್ಮದಿಯಾಗಿ ಕೂರಲು ಮನೆಯಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಉಳಿದವರು ಸುಮ್ಮನಿದ್ದರು, ನಾನು ಸುಮ್ಮನಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮೂರು ದೊಡ್ಡಬಳ್ಳಾಪುರಕ್ಕೆ ಹತ್ತಿರ. ಊರಿನ ಮೂಡಣಕ್ಕೆ ಒಂದು ಕಲ್ಲುಬೆಟ್ಟ. ಹೊರಗಿನವರು ಹತ್ತಿ ನೋಡುವಂಥದ್ದೇನೂ ಅಲ್ಲ. ಜಾಲಾರಿ ಮರ, ಕಾರೆ ಮುಳ್ಳು, ಬಂಡೆ, ಅಷ್ಟೇ. ಊರ ಕಡೆಯ ಮಗ್ಗುಲಲ್ಲಿ, ಸ್ವಲ್ಪ ಮೇಲಕ್ಕೆ, ಒಂದು ದೊಣೆ ಇತ್ತು. ಬಂಡೆಯಲ್ಲಿ ತಾನಾಗಿಯೇ ಆದ ಹೊಂಡ, ಮಳೆಗಾಲದಲ್ಲಿ ತುಂಬಿದ್ದು ಬೇಸಿಗೆಯವರೆಗೂ ಬರುತ್ತಿತ್ತು. ತುಂಬಿ ಉಕ್ಕಿದ ನೀರು ಸಣ್ಣ ಹಳ್ಳವಾಗಿ ಇಳಿಯುತ್ತಿತ್ತು. ಊರ ಬಾವಿಯ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಯದು. ಹಾಗಾಗಿ ನಮ್ಮ ಮನೆಯಲ್ಲಿ ಅಡಿಗೆಗೆ, ಕುಡಿಯಲು ದೊಣೆ ನೀರು. ಬಾಣಂತಿಗೆ, ಕೂಸಿಗೆ ಅಂತೂ ಅದೇ ಆಗಬೇಕು, ಬೆಟ್ಟದ ನೀರು ಹಗುರ ಎಂದು. ಅವ್ವ ನನಗೂ ಅಣ್ಣನಿಗೂ ಕುಡಿಸಿದ್ದು ಅದನ್ನೇ.

ಶೆಡ್ಡುಗಳು ಊರಿಗೂ ಬೆಟ್ಟಕ್ಕೂ ನಡುವೆ ಎದ್ದವು. ಹೊಗೆಯಾಡದ, ಸದ್ದಿಲ್ಲದ ಕಸುಬು. ಕೋಳಿ ಗೊಬ್ಬರ ಒಣಗಿದ್ದಷ್ಟು ದಿನ ಪರವಾಗಿಲ್ಲ, ಸ್ವಲ್ಪ ತೇವ ತಗುಲಿದರೆ ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯುತ್ತಿತ್ತು. ಗಾಳಿಯಿಲ್ಲದ ಸಂಜೆಗಳಲ್ಲಿ ಆ ಘಾಟು ಊರ ಮೇಲೆಯೇ ಕೂತಿರುತ್ತಿತ್ತು. ಆಷಾಢ ಬಂದು ಪಡುವಣ ಗಾಳಿ ಎದ್ದರೆ ಒಂದೇ ಏಟಿಗೆ ಮಾಯ.

"ನೋಡ್ದಾ? ಗಾಳಿ ಬಂತು, ವಾಸನೆ ಹೋಯ್ತು. ಅದಕ್ಕೆ ಇಷ್ಟೊಂದು ಮೂತಿ ತಿರುಗಿಸ್ತಿದ್ದೆ" ಎಂದ ಅಣ್ಣ.

"ಹೋಯ್ತು ಅಂದ್ರೆ ಎಲ್ಲಿಗ್ ಹೋಯ್ತು?"

"ಎಲ್ಲಿಗಾದ್ರೂ ಹೋಗ್ಲಿ ಬಿಡೇ, ನಿನ್ ಮೂಗಿಂದಂತೂ ಹೋಯ್ತಲ್ಲ."

ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಪಡುವಣದಿಂದ ಬಂದ ಗಾಳಿಗೆ ಎದುರಿಗೆ ನಿಂತಿದ್ದು ಬೆಟ್ಟ ಒಂದೇ.

ಮೊದಲು ಗಮನಿಸಿದ್ದು ಅವ್ವ, ಅದೂ ಮಸಾಲೆಯ ದೆಸೆಯಿಂದ. ಯುಗಾದಿಯ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಮಾಂಸದ ಸಾರು. ಆ ಸಾರಿನ ಪುಡಿಗೆ ಕಲ್ಲುಹೂವು ಬೇಕೇ ಬೇಕು. ಬಂಡೆಗೆ ಬೂದುಬಣ್ಣದ ಒಣಕಲು ಕಾಗದ ಅಂಟಿದಂತೆ ಬೆಳೆಯುವ ಅದನ್ನು ಅವ್ವ ಮೊಂಡು ಕುಡುಗೋಲಿನಿಂದ ಕೆರೆದು ಮಡಿಲಿಗೆ ತುಂಬಿಕೊಂಡು ಬರುತ್ತಿದ್ದಳು. ಅಂಗಡಿಯದ್ದು ಆಗುತ್ತಿರಲಿಲ್ಲ. ಶೆಡ್ಡು ಬಂದು ಒಂದೆರಡು ವರ್ಷವಾಗಿತ್ತು. ಒಂದು ದಿನ ಬರಿ ಮಡಿಲಲ್ಲಿ ಇಳಿದು ಬಂದಳು.

"ಕಲ್ಲಿಗೆ ಕಜ್ಜಿ ಹತ್ತೈತೆ ಕಣೇ" ಎಂದಳು.

ಹೋಗಿ ನೋಡಿದೆ. ದೊಣೆಯ ಸುತ್ತಿನ ಬಂಡೆಗಳಲ್ಲಿ ಕಲ್ಲುಹೂವು ಅಂಚಿನಲ್ಲಿ ಕಪ್ಪಾಗಿ, ಸಿಪ್ಪೆ ಸಿಪ್ಪೆಯಾಗಿ ಎದ್ದು ಉದುರಿತ್ತು. ಅದು ಇದ್ದ ಜಾಗದಲ್ಲಿ ಅಲ್ಲಲ್ಲಿ ಹಳದಿ ಚುಕ್ಕೆ. ಮರಗಳ ತೊಗಟೆಯ ಮೇಲೆ ಹಸಿರು ಲೋಳೆ. ಜಾಲಾರಿ ಮರಗಳ ಕೆಳಗೆ ಹುಲ್ಲು ಸೊಂಟದವರೆಗೆ ಬೆಳೆದು, ಅದರೊಳಗೆ ಒಂದು ಮರಿ ಸಸಿಯೂ ಕಾಣಿಸಲಿಲ್ಲ. ಲಂಟಾನ ಕೈ ಹಾಕಲು ಬಿಡದಷ್ಟು ಕೊಬ್ಬಿತ್ತು. ದೊಣೆಯ ತಳದ ಕಲ್ಲು ಕಾಣುತ್ತಿರಲಿಲ್ಲ, ಪಾಚಿ. ಹಳ್ಳದ ಕಲ್ಲುಗಳಿಗೂ ಹಸಿರು ಕೂದಲು ಬಂದಂತಿತ್ತು. ಬೆಟ್ಟದ ಹಿಂಬದಿಗೆ, ಮೂಡಣ ಮಗ್ಗುಲಿಗೆ ಹೋದರೆ ಎಲ್ಲ ಮೊದಲಿನಂತೆಯೇ ಇತ್ತು. ಅಲ್ಲಿಂದ ಅವ್ವ ಆ ವರ್ಷದ ಕಲ್ಲುಹೂವು ತಂದಳು, ಆಮೇಲೆ ಹಸುವಿನ ಹುಲ್ಲಿಗೂ ಆ ಕಡೆಗೇ ಹೋಗುವುದು ರೂಢಿಯಾಯಿತು.

ಅಣ್ಣನಿಗೆ ಹೇಳಿದರೆ ನಕ್ಕ. "ಬೆಟ್ಟ ಹಿಂಗೆ ಹಸಿರಾಗಿದ್ದು ನಾನು ಹುಟ್ದಾಗಿಂದ ನೋಡಿಲ್ಲ. ಹಸಿರು ಜಾಸ್ತಿ ಆಯ್ತು ಅಂತ ಅಳೋರ್ನ ಇವತ್ತೇ ನೋಡಿದ್ದು."

ನಿಜ ಹೇಳಬೇಕೆಂದರೆ ಊರಿಗೆ ಊರೇ ಹಾಗೆಂದುಕೊಂಡಿತ್ತು. ನಮ್ಮ ಸೀಮೆಯಲ್ಲಿ ಹಸಿರನ್ನು ಯಾರು ಅನುಮಾನಿಸುತ್ತಾರೆ? ಬೆಟ್ಟಕ್ಕೆ ಕಳೆ ಬಂದಿದೆ ಎನ್ನುತ್ತಿದ್ದರು. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ನಾನಾಗ ಬೆಂಗಳೂರಿನ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಬಿಎಸ್ಸಿ ಮಾಡಿದ್ದರೂ ಕೆಲಸ ಹೆಚ್ಚುಕಮ್ಮಿ ಬಾಟಲಿ ತೊಳೆಯುವುದೇ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ವಾಪಸ್. ಅಲ್ಲಿ ಅಮೋನಿಯ ಬಾಟಲಿಯ ಮುಚ್ಚಳ ತೆಗೆದಾಗ ಕಣ್ಣಿಗೆ ಹೊಡೆಯುವ ಘಾಟೂ ನಮ್ಮ ಶೆಡ್ಡಿನದ್ದೂ ಒಂದೇ ಎಂದು ನನಗೆ ಮೊದಲ ದಿನವೇ ಹೊಳೆದಿತ್ತು. ಲ್ಯಾಬಿನ ಮೇಡಂ ಮಳೆನೀರಿನ ಮೇಲೆ ಏನೋ ಕೆಲಸ ಮಾಡುತ್ತಿದ್ದರು. ಅವರಿಗೆ ಬೆಟ್ಟದ ಕಥೆ ಹೇಳಿದೆ.

"ದಿನಾ ಯಾರೋ ನಿಮ್ಮ ಬೆಟ್ಟದ ಮೇಲೆ ಒಂದೊಂದು ಚಿಟಿಕೆ ಯೂರಿಯಾ ಎರಚ್ತಾ ಇದಾರೆ ಅಂದ್ಕೊಳ್ಳಿ" ಎಂದರು ಮೇಡಂ. "ಅಮೋನಿಯ ಗಾಳೀಲಿ ಹೋಗಿ ಎಲೆ ಮೇಲೆ, ಕಲ್ಲಿನ ಮೇಲೆ ಕೂರುತ್ತೆ, ಮಳೇಲಿ ಕರಗಿ ಬೀಳುತ್ತೆ. ಅದರಲ್ಲಿರೋ ಸಾರಜನಕ ನಿಮ್ಮ ಹೊಲಕ್ಕೆ ಬೇಕು. ಬೆಟ್ಟದ ಕಾಡಿಗೆ ಬೇಡ. ಅದು ಕಡಿಮೇಲಿ ಬದುಕೋದನ್ನ ಕಲಿತಿರೋದು. ಜಾಸ್ತಿ ಕೊಟ್ರೆ ಹುಲ್ಲು, ಕಳೆ ಮೇಲೇಳುತ್ತೆ, ಕಡಿಮೇಲಿ ಬದುಕೋವು ಸಾಯ್ತವೆ. ಮಣ್ಣು ಹಿಡಿಯೋಷ್ಟು ಹಿಡಿದು ಉಳಿದದ್ದನ್ನ ಹಳ್ಳಕ್ಕೆ ಬಿಡುತ್ತೆ."

ದಿನಾ ರಾಗಿಮುದ್ದೆ ಉಂಡು ಗಟ್ಟಿಯಾಗಿರುವ ಹೊಟ್ಟೆಗೆ ವರ್ಷವಿಡೀ ಮದುವೆ ಊಟ ಹಾಕಿದರೆ ಏನಾಗುತ್ತದೋ ಅದು. ಮನೆಗೆ ಬಂದು ಅಣ್ಣನಿಗೆ ಹಾಗೇ ಹೇಳಿದೆ.

"ಬಿಟ್ಟಿ ಯೂರಿಯಾ ಬಿದ್ರೆ ಒಳ್ಳೇದೇ ಅಲ್ವೇನೇ? ರೈತರಿಗೆಲ್ಲ ಹೇಳು, ಕ್ಯೂ ನಿಲ್ತಾರೆ" ಎಂದ. ಆಮೇಲೆ ಸ್ವಲ್ಪ ಗಂಭೀರವಾಗಿ, "ಲೇ, ಶೆಡ್ಡು ಇರೋದು ಕೆಳಗೆ, ದೊಣೆ ಇರೋದು ಮೇಲೆ. ಗಲೀಜು ಯಾವತ್ತಾದ್ರೂ ಬೆಟ್ಟ ಹತ್ತೈತಾ?"

ಊರವರ ಮಾತೂ ಅದೇ. ಎಲ್ಲರೂ ಕಂಡಿದ್ದು ಕೆಳಕ್ಕೆ ಹರಿಯುವ ಗಲೀಜನ್ನೇ. ಅಣ್ಣ ಮೋಸಗಾರನಲ್ಲ, ಅವನೂ ಕುಡಿಯುತ್ತಿದ್ದುದು ಅದೇ ನೀರು. ಆದರೆ ಆ ವರ್ಷ ಅವನು ಇನ್ನೂ ದೊಡ್ಡ ಶೆಡ್ಡುಗಳಿಗೆ ಮನಸ್ಸು ಮಾಡಿದ್ದ. ಜಾಗ ಅಳೆದೂ ಆಗಿತ್ತು. ಈಗಿರುವುದಕ್ಕೇ ದೊಣೆ ಹೀಗಾಗಿದ್ದರೆ ಅವು ಬಂದ ಮೇಲೆ ಏನು ಗತಿ ಎಂದು ನಾನು ಅಡಿಗೆಮನೆಗೂ ಜಗುಲಿಗೂ ಓಡಾಡಿ ಓಡಾಡಿ ಅವನ ತಲೆ ತಿಂದೆ.

ಕೊನೆಗೆ ರೇಗಿ, "ಆಯ್ತು, ಗಲೀಜು ಬೆಟ್ಟ ಹತ್ತೈತೆ ಅಂತ ತೋರಿಸು. ಈ ಮಳೆಗಾಲ ಮುಗಿಯೋವರ್ಗೂ ಒಂದು ಕಲ್ಲೂ ಎತ್ತಿಡಲ್ಲ. ತೋರಿಸಿದ್ರೆ ಹೊಸ ಶೆಡ್ಡು ಬೇರೆ ಕಡೆ. ತೋರಿಸ್ದೆ ಹೋದ್ರೆ ನಿನ್ ಬಾಯಿ ಬಂದ್" ಎಂದ.

ಅವ್ವನ ಎದುರೇ ಆಡಿದ ಮಾತು. ಅಣ್ಣ ಮಾತಿಗೆ ತಪ್ಪುವವನಲ್ಲ ಎನ್ನುವುದು ನನಗೆ ಗೊತ್ತಿತ್ತು.

ಮೇಡಂ ಎರಡು ಬಾಟಲಿ, ಅವುಗಳ ಬಾಯಿಗಿಡಲು ಎರಡು ಆಲಿಕೆ ಕೊಟ್ಟರು. ಒಂದನ್ನು ಶೆಡ್ಡಿಗೆ ಎದುರಾದ ಬಂಡೆಯ ಮೇಲೆ, ಇನ್ನೊಂದನ್ನು ಗಾಳಿ ತಾಕದ ಬೆಟ್ಟದ ಹಿಂಬದಿಯಲ್ಲಿ ಕಲ್ಲು ಒತ್ತಿ ನಿಲ್ಲಿಸಿದೆ. ಎರಡರ ಮಳೆನೀರೂ ಒಂದೇ ಥರ ಇದ್ದರೆ ಅಣ್ಣ ಗೆದ್ದ. ಎದುರಿನದರಲ್ಲಿ ಸಾರಜನಕ ಹೆಚ್ಚು, ಹಿಂದಿನದರಲ್ಲಿ ಕಡಿಮೆ ಬಂದರೆ ನಾನು ಗೆದ್ದೆ. ಪ್ರತಿ ವಾರ ಬಾಟಲಿ ಬದಲಿಸಿ, ತುಂಬಿದ್ದನ್ನು ಗೋಣಿ ಚೀಲದಲ್ಲಿ ಸುತ್ತಿ ರೈಲಿನಲ್ಲಿ ಒಯ್ಯಬೇಕು. ಅದನ್ನು ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದ ನನ್ನನ್ನು ನೋಡಿ ದಿನಾ ಬರುವ ಹೆಂಗಸರು "ಯಾವ ದೇವಸ್ಥಾನದ ತೀರ್ಥನಮ್ಮಾ?" ಎಂದು ಕೇಳುತ್ತಿದ್ದರು.

ಆ ಮಳೆಗಾಲ ನಾನು ಪಟ್ಟ ಪಾಡು ನನಗೇ ಗೊತ್ತು. ಮೋಡ ಕಟ್ಟಿದರೆ ಆಲಿಕೆ ಗಾಳಿಗೆ ಹಾರಿತೇನೋ ಎಂಬ ಭಯ, ಮೋಡ ಇಲ್ಲದಿದ್ದರೆ ಬಾಟಲಿ ಬರಿದಾಗಿಯೇ ಇರುತ್ತದಲ್ಲ ಎಂಬ ಭಯ. ಕೋತಿಗಳ ಮೇಲೆ, ಮೇಕೆಗಳ ಮೇಲೆ, ದಾರಿಹೋಕರ ಮೇಲೆ ಅನುಮಾನ. ಲ್ಯಾಬಿನಲ್ಲಿ ನಿಂತಿದ್ದರೂ ಜೀವ ಬಂಡೆಯ ಮೇಲೆ. ಭಾನುವಾರ ಒಂದು ಸಲ ಸಾಕಾಗಿದ್ದರೂ ಬೆಳಗ್ಗೆ ಹತ್ತಿ, ಮಧ್ಯಾಹ್ನ ಮತ್ತೆ ಹತ್ತುತ್ತಿದ್ದೆ. ಅತ್ತಿಗೆ ಆಗತಾನೆ ಹೆತ್ತು ಬಾಣಂತನಕ್ಕೆ ನಮ್ಮಲ್ಲೇ ಇದ್ದಳು, ಅವಳಿಗೆ ತಾಯಿ ಇರಲಿಲ್ಲ. ಅವ್ವ ಕೊಡಗಟ್ಟಲೆ ದೊಣೆ ನೀರು ಹೊರುತ್ತಿದ್ದಳು, ಪಾಚಿಯನ್ನು ಕೈಯಿಂದ ಆಚೆಗೆ ಸರಿಸಿ, ಬಟ್ಟೆಯಲ್ಲಿ ಸೋಸಿ. ಕೂಸಿಗೆ ಕುಡಿಸುವ ಹಾಲಿನ ಪುಡಿ ಕಲಸುವುದೂ ಅದರಲ್ಲೇ. ಕಾಯಿಸಿ ಆರಿಸಿದ್ದು ತಾನೇ ಎಂದು ನಾನೂ ಸುಮ್ಮನಿದ್ದೆ.

ಮೇಡಂ ಒಂದು ಸಲ ಕೇಳಿದರು: "ಬೆಟ್ಟದ ಹಿಂದೆ ಮಳೆ ಕಮ್ಮಿ ಬೀಳ್ಬೇಕು. ನಿಮ್ಮ ಹಿಂದಿನ ಬಾಟಲಿ ಯಾವಾಗ್ಲೂ ಅಷ್ಟು ಚೆನ್ನಾಗಿ ತುಂಬಿರುತ್ತಲ್ಲ?" ನನಗೆ ಹೆಮ್ಮೆಯಾಯಿತೇ ಹೊರತು ಬೇರೇನೂ ಹೊಳೆಯಲಿಲ್ಲ. ಬೆಟ್ಟದ ಮಳೆ ಹಾಗೇ ಮೇಡಂ, ಎಲ್ಲಿ ಹುಯ್ಯುತ್ತೆ ಹೇಳಕ್ಕಾಗಲ್ಲ ಎಂದೆ.

ಮಳೆ ನಿಂತ ಮೇಲೆ ಮೇಡಂ ಎಲ್ಲವನ್ನೂ ಕೂಡಿಸಿ ನೋಡಿದರು. ಎದುರಿನ ಬಾಟಲಿಯಲ್ಲಿ ಸಾರಜನಕ ಹೆಚ್ಚೇ ಇತ್ತು. ಆದರೆ ಹಿಂದಿನದರಲ್ಲೂ ಹೆಚ್ಚುಕಮ್ಮಿ ಅಷ್ಟೇ.

"ಎರಡೂ ಒಂದೇ. ನಿಮ್ಮಣ್ಣನ ಶೆಡ್ಡಿಂದಾನೇ ಅಂತ ಹೇಳಕ್ಕಾಗಲ್ಲ. ಇಡೀ ಸೀಮೆ ಗಾಳೀನೇ ಹಾಗಿರಬಹುದು" ಎಂದರು.

ವಾಪಸ್ ರೈಲಿನಲ್ಲಿ ನನಗೆ ಸೀಟಿತ್ತು. ಬಾಗಿಲ ಬಳಿ ನಿಂತೇ ಬಂದೆ. ಕಲ್ಲುಹೂವು ಸುಳ್ಳು ಹೇಳುತ್ತದೆಯೇ? ಪಾಚಿ ಸುಳ್ಳು ಹೇಳುತ್ತದೆಯೇ? ಮನೆ ಮುಟ್ಟುವ ಹೊತ್ತಿಗೆ ಯಾರನ್ನಾದರೂ ಹೊಡೆಯುವಷ್ಟು ಸಿಟ್ಟು ಬಂದಿತ್ತು. ಅಣ್ಣ ಮುಖ ನೋಡಿಯೇ ತಿಳಿದುಕೊಂಡ. ಅವನು ಕುಣಿದಾಡಲಿಲ್ಲ ಎನ್ನುವುದನ್ನು ಹೇಳಬೇಕು. "ಹೋಗ್ಲಿ ಬಿಡು, ಪಾಪ, ಒಂದ್ ಮಳೆಗಾಲ ಎಲ್ಲ ಬೆಟ್ಟ ಹತ್ದೆ. ಆ ಮೇಡಂಗೆ ಏನೂ ಪ್ರಯೋಜ್ನ ಆಗ್ಲಿಲ್ಲ ಅಂತ ನಿನ್ನ ಕೆಲಸದಿಂದ ತೆಗೆದ್ಬಿಟ್ಟಾರು, ಅದೊಂದ್ ನೋಡ್ಕೋ" ಎಂದ.

ಸೊಪ್ಪು ಸೋಸುತ್ತಿದ್ದ ಅವ್ವನಿಗೆ ಆ ಮಾತು ಹಿಡಿಸಲಿಲ್ಲ.

"ಯಾಕ್ ತೆಗೀತಾರೆ? ನಮ್ ಕಡೆಯಿಂದ ಏನ್ ಕಮ್ಮಿ ಆಗೈತೆ? ಒಂದ್ ವಾರಾನೂ ಅವರ ಬಾಟ್ಲಿ ಬರಿದು ಕಳಿಸಿಲ್ಲ ನಾನು."

"ನೀನು ಕಳಿಸಿಲ್ಲ ಅಂದ್ರೆ?" ಎಂದೆ ನಾನು.

"ಹಿಂದ್ಗಡೆ ಬಾಟ್ಲೀಲಿ ಯಾವಾಗ ನೋಡಿದ್ರೂ ತಳದಲ್ಲಿ ಒಂದೀಟು ಇರೋದು. ಹುಲ್ಲಿಗೆ ಹೋದಾಗೆಲ್ಲ ನೋಡ್ತಿದ್ನಲ್ಲ. ಚೊಂಬಲ್ಲಿ ಕುಡಿಯೋಕೆ ಒಯ್ತಿದ್ದ ದೊಣೆ ನೀರು ಹುಯ್ದು ತುಂಬಿಸ್ತಿದ್ದೆ. ಇನ್ನೊಬ್ಬರ ಮನೆ ಪಾತ್ರೆ, ಬರಿದು ವಾಪಸ್ ಕೊಟ್ರೆ ಏನಂದ್ಕೊಂಡಾರು?"

ನಮ್ಮ ಕಡೆ ಪಕ್ಕದ ಮನೆಯವರು ಬಟ್ಟಲಲ್ಲಿ ಸಾರು ಕೊಟ್ಟರೆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಹಿಡಿ ಕಾಳೋ, ಚೂರು ಬೆಲ್ಲವೋ, ಏನೂ ಇಲ್ಲದಿದ್ದರೆ ನಾಲ್ಕು ಹೂವೋ ಹಾಕಿಯೇ ಕೊಡುವುದು. ಅವ್ವ ಕಾಲೇಜಿನ ಬಾಟಲಿಗೂ ಅದೇ ಮರ್ಯಾದೆ ಮಾಡಿದ್ದಳು. ಒಂದು ವಾರವೂ ತಪ್ಪಿಸದೆ ಮಾಡಿದ್ದಳು.

ನಾನು ಕಿರುಚಿದೆ. ಏನೇನು ಅಂದೆ ಎಂದು ಈಗ ಬರೆಯಲು ಮನಸ್ಸಿಲ್ಲ. ಅಣ್ಣ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವ್ವ ಸೊಪ್ಪಿನ ಮೊರ ಹಿಡಿದುಕೊಂಡು, ತಾನು ಮಾಡಿದ್ದರಲ್ಲಿ ತಪ್ಪೇನೆಂದು ತಿಳಿಯದೆ ನನ್ನನ್ನೇ ನೋಡುತ್ತಿದ್ದಳು. ಅಂಗಳದಲ್ಲಿ ನಾಲ್ಕು ಸುತ್ತು ಸುತ್ತಿ ಬರುವಷ್ಟರಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಹಿಂದಿನ ಬಾಟಲಿಯಲ್ಲಿದ್ದ ಮಳೆ ಒಂದಿಷ್ಟು, ಉಳಿದದ್ದೆಲ್ಲ ದೊಣೆ ನೀರು. ಅಂದರೆ ಒಳ್ಳೆಯ ಮಳೆನೀರನ್ನೂ ಶೆಡ್ಡಿನೆದುರಿನ ಮಳೆಯ ಮಟ್ಟಕ್ಕೆ ಏರಿಸುವಷ್ಟು ದೊಣೆ ಕೆಟ್ಟಿತ್ತು. ಮಳೆಯಲ್ಲಿ ಬಿದ್ದದ್ದು ಬೆಟ್ಟದಿಂದ ಇಳಿದಿಳಿದು ಅಲ್ಲಿಯೇ ಸೇರಿ ಗಟ್ಟಿಯಾಗುತ್ತಿತ್ತು.

ಮಾರನೆಯ ದಿನ ದೊಣೆ ನೀರನ್ನೇ ಬಾಟಲಿಗೆ ಹಿಡಿದು ಒಯ್ದೆ. ಮೇಡಂ ಪರೀಕ್ಷೆ ಮಾಡಿದರು, ಸಾರಜನಕ ಎದುರಿನ ಬಾಟಲಿಗಿಂತಲೂ ಹೆಚ್ಚಿತ್ತು. ಎರಡೆರಡು ಸಲ ಮಾಡಿ ನೋಡಿದರು. ಶೆಡ್ಡಿನ ಮೇಲೆ ತಪ್ಪು ಹೊರಿಸಲು ಇದೊಂದೇ ಸಾಲದು, ಇನ್ನೊಂದು ಮಳೆಗಾಲ ಸರಿಯಾಗಿ ಹಿಡಿಯಬೇಕು ಎಂದರು. ಆಮೇಲೆ, "ಮನೇಲಿ ಚಿಕ್ಕ ಮಗು ಇದೆಯಾ? ಅದಕ್ಕೆ ಮಾತ್ರ ಈ ನೀರು ಬೇಡ. ಇದರಲ್ಲಿ ಸಾರಜನಕ ನೈಟ್ರೇಟಾಗಿ ಸೇರಿದೆ, ಎಳೆ ಮಗೂನ ರಕ್ತಕ್ಕೆ ಅದು ಆಗಲ್ಲ, ಕಾಯಿಸಿದ್ರೂ ಹೋಗಲ್ಲ" ಎಂದರು.

ಅಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. "ಮೊದ್ಲು ಮಳೆ ಅಂದೆ, ಅದು ಆಗ್ಲಿಲ್ಲ. ಈಗ ದೊಣೆ. ನಾಳೆ ಇನ್ನೊಂದು. ಇನ್ನೊಂದ್ ಮಳೆಗಾಲ ಕಾಯೋಕೆ ನನ್ ಕೈಲಾಗಲ್ಲ ಕಣೇ, ಕೋಳಿ ಮರಿ ಕಳಿಸೋಕೆ ಹೇಳಾಗಿದೆ."

ಕೂಸನ್ನು ಕಾಲಮೇಲೆ ಹಾಕಿಕೊಂಡು ಕೂತಿದ್ದ ಅತ್ತಿಗೆ ನಡುವೆ ಬಾಯಿ ಹಾಕಿದಳು. "ಅದೆಲ್ಲ ಇರ್ಲಿ. ಮಗೂಗೆ ಕುಡಿಸಬಹುದಾ, ಬೇಡ್ವಾ? ಅಷ್ಟು ಹೇಳಿ" ಎಂದಳು.

"ಬೇಡ ಅಂದ್ರು ಅತ್ತಿಗೆ. ಕಾಯಿಸಿದ್ರೂ ಹೋಗಲ್ವಂತೆ."

ಅಣ್ಣ ಎದ್ದು ಹೊರಗೆ ಹೋದ.

ವಾರ ಕಳೆಯುವುದರೊಳಗೆ ಬೋರ್ ಕೊರೆಯುವ ಲಾರಿ ಬಂತು. ಬಿಳಿ ಧೂಳು ಹಿತ್ತಿಲನ್ನೆಲ್ಲ ಮುಚ್ಚಿತು, ಮೂರೂರಿಗೆ ಕೇಳುವ ಸದ್ದು. ನೀರು ಬಿತ್ತು. ಬೇಳೆ ಬೇಯುವ ನೀರೇ ಬಿತ್ತು. ಅಡಿಗೆಮನೆಯ ಹಿಂದಕ್ಕೆ ನಲ್ಲಿ ಬಂತು. ಕೂಸಿಗೆ, ಬಾಣಂತಿಗೆ, ಎಲ್ಲದಕ್ಕೂ ಇನ್ನು ಅದೇ. ಅದೇ ಪೈಪಿನ ಇನ್ನೊಂದು ಕವಲು ಹೊಲಕ್ಕೆ ಹೋಯಿತು, ಅಲ್ಲಿ ಹೊಸ ಶೆಡ್ಡುಗಳ ಕಂಬ ನಿಲ್ಲುತ್ತಿದ್ದವು. ನನ್ನ ಮಾತನ್ನು ಅಣ್ಣ ನಂಬಿರಲಿಲ್ಲ ಎಂದು ಹೇಗೆ ಹೇಳಲಿ? ನಂಬಿದ್ದ. ನಂಬಿದ್ದಕ್ಕೇ ಬೋರ್ ಹಾಕಿಸಿದ. ನಂಬಿಯೂ ಶೆಡ್ಡು ಕಟ್ಟಿದ. ನನಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ಶೀಟು ಹೊದಿಸಿ ಮುಗಿದ ದಿನ ಅವನು ಖುಷಿಯಾಗಿದ್ದ. ನಲ್ಲಿಯಲ್ಲಿ ಕೈಕಾಲು ತೊಳೆಯುತ್ತ, "ನಿನ್ ಮಾತು ಕೇಳಿದ್ನಾ ಇಲ್ವಾ? ಇನ್ಮೇಲೆ ಆ ದೊಣೆ ಸುದ್ದಿಗೆ ಯಾರೂ ಹೋಗೋದ್ ಬೇಡ. ಅವ್ವಂಗೂ ಬೆಟ್ಟ ಹತ್ತೋ ಕಷ್ಟ ತಪ್ತು" ಎಂದ. ನಾನು ದೊಣೆ ಉಳಿಸಲು ಜಗಳವಾಡಿದ್ದೆ, ಅವನು ನಲ್ಲಿ ಹಾಕಿಸಿ ಜಗಳ ಮುಗಿಸಿದ್ದ. ಊರವರೂ ಬಂದು ನೋಡಿ, ಹೊಗಳಿ ಹೋಗಿದ್ದರು. ನಾನು ಬಾಯಿ ತೆರೆದರೆ ಏನು ಬರುತ್ತದೋ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಅವ್ವ ಪಾತ್ರೆ ಬೆಳಗುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ನಮಗೆ ಬೋರ್ ಹಾಕಿಸ್ದೆ, ಸರಿ ಕಣಪ್ಪ. ಬೆಟ್ಟಕ್ಕೆ ಯಾವ ನೀರು?"

ಅಣ್ಣ ನಕ್ಕ. "ಬೆಟ್ಟಕ್ಕೆ ಯಾರಾದ್ರೂ ನೀರು ಬಿಡ್ತಾರೇನವ್ವಾ?"

"ನೀನು ಬಿಡ್ತಿದ್ದೀಯಲ್ಲಪ್ಪ" ಎಂದಳು ಅವ್ವ. "ಇಷ್ಟು ದಿನ ಇವಳು ಬಾಯಿ ಬಡ್ಕೊಂಡಿದ್ದು ಅದನ್ನೇ ಅಲ್ವಾ? ನಿನ್ ಮಗ ಕುಡಿಯಬಾರ್ದು ಅಂದಿದ್ದನ್ನ ಅದಕ್ಕೆ ಕುಡಿಸ್ತಿದ್ದೀಯ."

ಅಣ್ಣ ಒದ್ದೆ ಕೈಯಲ್ಲೇ ಟವಲ್ಲು ತೆಗೆದುಕೊಂಡು ಹೊಲದ ಕಡೆ ನಡೆದ. ಮರಿಗಳ ವ್ಯಾನು ಬರುವ ಹೊತ್ತಾಗಿತ್ತು.